ರಕ್ತಪರೀಕ್ಷೆಗೆ ಮುನ್ನ ಗುಳಿಗೆಯ ವೃತ್ತಾಂತ



1957ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದಂದಿನಿಂದ ಬಯಲುಸೀಮೆಯ ರೋಗಿಗಳಿಗೆ ಆಶ್ರಯವಾಗಿರುವ ಈ ಹುಬ್ಬಳ್ಳಿಯಲ್ಲಿ, ಔಷಧಜನ್ಯ ಲೂಪಸ್ಸನ್ನೂ ಅದನ್ನು ರಕ್ತದಲ್ಲಿ ಅರಸುವ ಪರೀಕ್ಷೆಗಳನ್ನೂ ಕುರಿತು ಆಶಯದ ಮಾತುಗಳನ್ನಾಡುವ ಗೌರವವನ್ನು ನನಗಿತ್ತ ಸಂಘಟಕರಿಗೆ ನಾನು ಋಣಿ. ನನ್ನಲ್ಲಿ ಬಹುಕಾಲದಿಂದ ಬೇರೂರಿರುವ ಅಭಿಪ್ರಾಯವನ್ನು ಮೊದಲೇ ನಿವೇದಿಸುತ್ತೇನೆ: ಪ್ರತಿಕಾಯ ಕಂಡೊಡನೆ ರೋಗವೇ ಕಂಡಿತೆಂದು ನಂಬಿದ ದಿನ ನಮ್ಮ ಶಾಸ್ತ್ರವು ದಾರಿ ತಪ್ಪಿತು.

1948ರಲ್ಲಿ ಹಾರ್ಗ್ರೇವ್ಸ್ ಮತ್ತು ಅವರ ಸಹೋದ್ಯೋಗಿಗಳು ಮೇಯೋ ಕ್ಲಿನಿಕ್ಕಿನಲ್ಲಿ ಲೂಪಸ್ಸಿನ ಎಲ್.ಇ. ಕೋಶವನ್ನು ವರ್ಣಿಸಿದರು, ತರುವಾಯದ ದಶಕದಲ್ಲಿ ರಕ್ತದೊತ್ತಡಕ್ಕೆ ಹೈಡ್ರಲಜೀನ್ ಸೇವಿಸಿದ ಕೆಲವರಲ್ಲಿ ಜ್ವರ, ಕೀಲುನೋವುಗಳು ಕಾಣಿಸಿ, ಔಷಧ ನಿಂತ ಮೇಲೆ ಇಳಿದುಹೋದವು, 1962ರಲ್ಲಿ ಪ್ರೊಕೇನಮೈಡಿನ ಸರದಿ ಬಂತು. ಟಿ.ಎನ್.ಎಫ್. ತಡೆಯುವ ನೂತನ ಔಷಧಗಳು ಈ ಹಳೆಯ ಚಿತ್ರವನ್ನು ಕದಡಿರುವ ಬಗೆಯನ್ನು ಮುಂದಿನ ಸಾಲಿನಲ್ಲಿರುವ ಸಂಧಿರೋಗತಜ್ಞರು ನನಗಿಂತ ಚೆನ್ನಾಗಿ ಬಲ್ಲರು. ಕ್ಲೋರ್‌ಪ್ರೊಮಜೀನ್ ಸೇವಿಸುವವರ ರಕ್ತದ ವಿಚಾರವನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಮಿತ್ರರ ವಿವೇಚನೆಗೆ ಬಿಡುತ್ತೇನೆ. ನನ್ನ ಮನಸ್ಸು ನಿಂತಿರುವುದು ಐಸೋನಿಯಜಿಡ್ ಎಂಬ ಒಂದೇ ಗುಳಿಗೆಯ ಮೇಲೆ. 1952ರಿಂದ ಕ್ಷಯದ ಚಿಕಿತ್ಸೆಗೆ ಆಧಾರವಾಗಿರುವ ಈ ಔಷಧದಷ್ಟು ನಮ್ಮ ನಾಡಿನ ಮನೆಮನೆಗಳನ್ನು ಹೊಕ್ಕ ಲೂಪಸ್‌ಕಾರಕ ಮತ್ತೊಂದಿರಲಾರದು.

ಕಂಡಿಕೆಗೆ ನೂಲನ್ನು ಸುತ್ತಿದಂತೆ ಡಿ.ಎನ್.ಎ. ಎಳೆಯು ಹಿಸ್ಟೋನ್ ಎಂಬ ಪ್ರೋಟೀನುಗಳನ್ನು ಸುತ್ತಿಕೊಂಡಿರುತ್ತದೆ. ಔಷಧಜನ್ಯ ಲೂಪಸ್ಸಿನ ಅಭಿಜಾತ ಪ್ರಸಂಗಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಈ ಹಿಸ್ಟೋನುಗಳಿಗೆ ವಿರುದ್ಧವಾದ ಪ್ರತಿಕಾಯಗಳು ದೊರೆಯುತ್ತವೆ, ಎರಡೆಳೆಯ ಡಿ.ಎನ್.ಎ.ಗೆ ವಿರುದ್ಧವಾದವು ವಿರಳ. ಇಷ್ಟನ್ನೇ ಓದಿದ ವಿದ್ಯಾರ್ಥಿ ಹಿಸ್ಟೋನ್ ಪರೀಕ್ಷೆಯನ್ನು ನಿರ್ಣಾಯಕವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಸಹಜವಾಗಿ ಹುಟ್ಟಿದ ಲೂಪಸ್ಸಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಅವೇ ಪ್ರತಿಕಾಯಗಳಿರುತ್ತವೆ. ಐಸೋನಿಯಜಿಡ್ ಸೇವಿಸುವ ಐವರಲ್ಲಿ ಸುಮಾರು ಒಬ್ಬರಿಗೆ ಎ.ಎನ್.ಎ. (ಕೋಶಕೇಂದ್ರವಿರೋಧಿ ಪ್ರತಿಕಾಯ) ಧನಾತ್ಮಕವಾಗುವುದಾದರೂ ಲೂಪಸ್ಸಿನ ಬಾಧೆ ನೂರಕ್ಕೆ ಒಬ್ಬರನ್ನೂ ತಟ್ಟುವುದಿಲ್ಲ.

ಬೆಟಗೇರಿಯ ನೇಕಾರ ಮನೆತನದ ತಾಯಿಯೊಬ್ಬರು, ಕ್ಷಯದ ಚಿಕಿತ್ಸೆಯ ನಡುವೆ ಬೆರಳ ಕೀಲುಗಳು ಬಿಗಿದು, ಮಗ್ಗದ ಮುಂದೆ ಕೂರಲಾರದೆ ನನ್ನಲ್ಲಿಗೆ ಬಂದಿದ್ದರು. ಎ.ಎನ್.ಎ.ಯೂ ಹಿಸ್ಟೋನ್ ಪರೀಕ್ಷೆಯೂ ಧನಾತ್ಮಕವೆಂಬ ವರದಿ ಕೈಯಲ್ಲಿತ್ತು. ಬಾಳಿನುದ್ದಕ್ಕೂ ಬಿಡದ ಬೇನೆಯೆಂದು ಯಾರೋ ಹೇಳಿ ಕಳುಹಿದ್ದರು. “ಸಾಹೇಬ್ರ, ಗುಳಿಗಿ ನುಂಗಾಕ ಹತ್ತಿದ ಮ್ಯಾಲೆ ಇದೆಲ್ಲಾ ಸುರು ಆಗೇತ್ರಿ, ಈ ಕಾಗದದಾಗ ಅದನ್ನ ಬರದಾರೇನ್ರಿ?” ಎಂದು ಆಕೆ ಕೇಳಿದರು. ಬರೆದಿರಲಿಲ್ಲ. ಕ್ಷಯತಜ್ಞರೊಡನೆ ಸಮಾಲೋಚಿಸಿ, ಐಸೋನಿಯಜಿಡ್ಡನ್ನು ಕೈಬಿಟ್ಟು, ಕ್ಷಯದ ಚಿಕಿತ್ಸೆ ತುಂಡಾಗದಂತೆ ಬೇರೆ ಔಷಧವನ್ನು ಸೇರಿಸಿದ ಕೆಲವು ವಾರಗಳಲ್ಲಿ ಕೀಲುಗಳು ಸಡಿಲವಾದವು. ರಕ್ತದಲ್ಲಿನ ಪ್ರತಿಕಾಯಗಳು ಮಾತ್ರ ಮರುವರ್ಷವೂ ಇದ್ದವು. ಆಕೆಯ ಗುಣವನ್ನು ಸಾರಿದ್ದು ಆಕೆಯ ಬೆರಳುಗಳು, ಪ್ರಯೋಗಶಾಲೆಯಲ್ಲ.

ಹಾಗಾದರೆ ಪ್ರತಿಕಾಯ ಹೊತ್ತ ಅಷ್ಟು ಜನರಲ್ಲಿ ಕೆಲವರೇ ಏಕೆ ರೋಗಿಗಳಾಗುತ್ತಾರೆ? ಹೈಡ್ರಲಜೀನ್ ಮತ್ತು ಪ್ರೊಕೇನಮೈಡುಗಳ ವಿಷಯದಲ್ಲಿ, ಔಷಧವನ್ನು ಅಸಿಟೈಲೀಕರಿಸುವ ಗತಿ ಮಂದವಾಗಿರುವವರಿಗೆ ಅಪಾಯ ಹೆಚ್ಚೆಂದು ತಿಳಿದಿದೆ. ಐಸೋನಿಯಜಿಡ್ ಕರಗುವುದೂ ಅದೇ ಮಾರ್ಗದಿಂದ. 1956ರಲ್ಲಿ ಆರಂಭವಾದ ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರದವರು ಈ ಗತಿಭೇದವನ್ನು ಶ್ರದ್ಧೆಯಿಂದ ಅಭ್ಯಸಿಸಿದರು. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಂದಗತಿಯವರೇ. ಗತಿಯೊಂದೇ ಕಾರಣವಾಗಿದ್ದಲ್ಲಿ ನಮ್ಮ ವಾರ್ಡುಗಳು ಈ ರೋಗದಿಂದ ತುಂಬಿರಬೇಕಿತ್ತು, ತುಂಬಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ಗಹನವಾದುದು. ಯಾವ ಗುಳಿಗೆಯನ್ನೂ ಮುಟ್ಟದ ಕ್ಷಯರೋಗಿಯಲ್ಲಿಯೂ ಕೆಲವೊಮ್ಮೆ ಸ್ವಪ್ರತಿಕಾಯಗಳು ಇರುವುದುಂಟು. ಆದುದರಿಂದ ಆರನೆಯ ತಿಂಗಳಲ್ಲಿ ಕಂಡ ಪ್ರತಿಕಾಯ ಔಷಧದ ಕೊಡುಗೆಯೋ, ಕ್ಷಯದ್ದೋ, ಮೊದಲಿನಿಂದಲೇ ಇದ್ದುದೋ ಎಂಬುದನ್ನು, ಮೊದಲ ದಿನದ ರಕ್ತವನ್ನು ನೋಡದವರು ಹೇಗೆ ತಾನೆ ನಿರ್ಣಯಿಸಿಯಾರು? ಪರೀಕ್ಷೆಗಳ ಪ್ಯಾನೆಲ್ಲುಗಳನ್ನು ಹಿಗ್ಗಿಸುತ್ತ ಹೋದ ನಾವು ಈ ಸರಳವಾದ ಕಾರ್ಯವನ್ನು ಅಲಕ್ಷಿಸಿದೆವೆಂಬುದು ನನ್ನ ವ್ಯಥೆ.

ಕ್ಷಯಚಿಕಿತ್ಸೆಯನ್ನು ಆರಂಭಿಸುವ ರೋಗಿಗಳ ಮೊದಲ ದಿನದ ಸೀರಮ್ಮನ್ನು, ಅವರ ಸಮ್ಮತಿಯನ್ನು ಪಡೆದು, ಹುಬ್ಬಳ್ಳಿ-ಧಾರವಾಡದ ವೈದ್ಯಸಂಸ್ಥೆಗಳು ಒಟ್ಟುಗೂಡಿ ಶೀತಲದಲ್ಲಿ ಕಾಪಿಡುವುದು ಅಸಾಧ್ಯವೇನಲ್ಲ; ಈ ಸಂಕಿರಣ ಮುಗಿಯುವ ಮುನ್ನ ಅದಕ್ಕೊಂದು ಯೋಜನೆಯನ್ನು ರೂಪಿಸಬೇಕೆಂದು ಹಿರಿಯರಲ್ಲಿ ಪ್ರಾರ್ಥಿಸುತ್ತೇನೆ. ಇಲ್ಲಿರುವ ಕಿರಿಯ ವೈದ್ಯರಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು: ನಾಳೆ ಎ.ಎನ್.ಎ. ಪರೀಕ್ಷೆಗೆ ಚೀಟಿ ಬರೆಯುವಾಗ, ರೋಗಿ ಸೇವಿಸುತ್ತಿರುವ ಪ್ರತಿಯೊಂದು ಔಷಧದ ಹೆಸರನ್ನೂ ಅದು ಆರಂಭವಾದ ದಿನಾಂಕವನ್ನೂ ದಯವಿಟ್ಟು ಅದರಲ್ಲಿ ನಮೂದಿಸಿರಿ.