ಸರೋವರಗಳ ಹಾದಿಯಲ್ಲಿ

ಕಾಶ್ಮೀರದ ಸೋನಾಮಾರ್ಗದಿಂದ ನಾರಾನಾಗ್‌ವರೆಗೆ, ಬೆನ್ನಿಗೆ ಚೀಲ ಕಟ್ಟಿಕೊಂಡು ಮಿತ್ರರೊಡನೆ ಸುಮಾರು ಒಂದು ವಾರ ನಡೆಯುವ ಹಾದಿಯೊಂದಿದೆ. ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಕೊನೆಗೆ ಹರಮುಖ ಶಿಖರದಡಿಯ ಗಂಗಬಲ್: ಎಲ್ಲವೂ ಸರೋವರಗಳೇ. ಜುಲೈ ತಿಂಗಳಲ್ಲೂ ಅಲ್ಲಿ ಹಿಮ ಉಳಿದಿರುವುದುಂಟು.

ಹೊರಡುವ ಮುನ್ನ ಒಂದು ಮಾತು. ಗಡ್‌ಸರ್‌ಗೆ ದಾಟುವ ಘಟ್ಟದ ನೆತ್ತಿ ಸುಮಾರು 4,200 ಮೀಟರ್ ಎತ್ತರ. ಅಲ್ಲಿ ಒಂದು ಉಸಿರಿಗೆ ಸಿಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಕ್ಕುವುದರ ಐದರಲ್ಲಿ ಮೂರು ಪಾಲು ಮಾತ್ರ. ಗಟ್ಟಿಮುಟ್ಟಾದ ತರುಣನಿಗೂ ತಲೆನೋವು, ವಾಕರಿಕೆ ಬರಬಹುದು. ಸಂಕೋಚಪಟ್ಟು ಮುಚ್ಚಿಟ್ಟು ಮೇಲೇರಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ರಾತ್ರಿ ಡೇರೆಯಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಿ. ಯಾರಿಗಾದರೂ ಹಾಗಾದರೆ ಮರುದಿನ ಏರಬೇಡಿ. ಹೆಚ್ಚಿದರೆ ತಡಮಾಡದೆ ಕೆಳಗಿಳಿಸಿ. ಅವನನ್ನು ಒಬ್ಬನನ್ನೇ ಕಳುಹಿಸದೆ, ಜೊತೆಗೆ ನೀವೂ ಇಳಿಯಿರಿ.