ಕಲಿಸುವವರಿಗೂ ಕಲಿಯುವ ಬಿಡುವು ಬೇಕು

(ಶಿವಮೊಗ್ಗದ ವಿನೋಬನಗರದಲ್ಲಿ ನಡೆದ ಮಾಸಿಕ ಚಿಂತನಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

 

ನನಗೆ ಕೊಟ್ಟಿರುವ ವಿಷಯ ‘ನಮ್ಮ ಶಾಲೆಗಳಲ್ಲಿ ವಿಜ್ಞಾನ ಶಿಕ್ಷಣ’. ಕಾರ್ಯದರ್ಶಿಗಳು ಫೋನ್ ಮಾಡಿ, ‘ನೀವು ಎಂಜಿನಿಯರು, ನಿಮಗೆ ಇದು ನೀರು ಕುಡಿದಷ್ಟು ಸುಲಭ’ ಎಂದರು. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದವನಿಗೆ ಆ ಮಾತು ಹಿತವಾಗಿಯೇ ಕೇಳಿಸಿತು. ಆದರೆ ನಾನು ಇವತ್ತು ಮಾತಾಡಬೇಕೆಂದಿರುವುದು ಮಕ್ಕಳ ಬಗ್ಗೆ ಅಲ್ಲ, ಅವರಿಗೆ ಕಲಿಸುವವರ ಬಗ್ಗೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಈ ಸಭೆಯ ಮುಂದಿಡಬೇಕು.

ಮೂರು ವರ್ಷದ ಹಿಂದಿನ ಫೆಬ್ರವರಿ. ಭದ್ರಾವತಿಯಲ್ಲಿ ಖಾಸಗಿ ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ಒಂದು ದಿನದ ಕಾರ್ಯಾಗಾರ ಇತ್ತು. ನಾನು ಸಂಪನ್ಮೂಲ ವ್ಯಕ್ತಿ. ಆ ಪದವೇ ಮನುಷ್ಯನನ್ನು ಸ್ವಲ್ಪ ಉಬ್ಬಿಸುತ್ತದೆ. ಭದ್ರಾ ಅಣೆಕಟ್ಟು, ಲಿಂಗನಮಕ್ಕಿ, ಶರಾವತಿಯ 1035 ಮೆಗಾವಾಟ್ ಎಂದು ಒಂದೂವರೆ ಗಂಟೆ ಚಿತ್ರ ತೋರಿಸಿ ಮಾತಾಡಿದೆ. ಕೊನೆಗೆ, ಏನಾದರೂ ಪ್ರಶ್ನೆ ಇದ್ದರೆ ಕೇಳಿ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಶಿಕ್ಷಕಿ ಎದ್ದು ನಿಂತರು.

ಅವರು ಕೇಳಿದ್ದು ಅಣೆಕಟ್ಟಿನ ವಿಷಯವಲ್ಲ. ‘ಸರ್, ಮಕ್ಕಳ ಜೊತೆ ಅಂಗಳದಲ್ಲಿ ಕೋಲು ನೆಟ್ಟು ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತು ಮಾಡಿದೆವು. ಹನ್ನೆರಡು ಗಂಟೆಗೆ ಅತಿ ಚಿಕ್ಕ ನೆರಳು ಬರಬೇಕಿತ್ತು. ನಮಗೆ ಬಂದದ್ದು 12 ಗಂಟೆ 40 ನಿಮಿಷಕ್ಕೆ. ಮಾರನೆಯ ದಿನವೂ ಹಾಗೇ. ಯಾಕೆ?’

ನಾನು ಯೋಚನೆ ಮಾಡಲೇ ಇಲ್ಲ. ‘ನಿಮ್ಮ ಕೋಲು ನೆಟ್ಟಗಿರಲಿಲ್ಲ, ಇಲ್ಲವೇ ನಿಮ್ಮ ಶಾಲೆಯ ಗಡಿಯಾರಕ್ಕೆ ಹಸಿವಾಗಿತ್ತು’ ಅಂದೆ. ಇಡೀ ಸಭೆ ನಕ್ಕಿತು. ಅವರೂ ನಕ್ಕಂತೆ ಮಾಡಿ ಕೂತರು. ನನಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು.

ರಾತ್ರಿ ಮನೆಗೆ ಬಂದ ಮೇಲೆ ಆ 40 ನಿಮಿಷ ನನ್ನನ್ನು ಬಿಡಲಿಲ್ಲ. ಒಂದು ದಿನ ಕೋಲು ವಾಲಬಹುದು, ಎರಡು ದಿನವೂ ಅಷ್ಟೇ ವಾಲುತ್ತದೆಯೇ? ಕಾಗದ ತೆಗೆದು ಲೆಕ್ಕ ಹಾಕಿದೆ. ನಮ್ಮ ಗಡಿಯಾರ ನಮ್ಮ ಊರಿನದಲ್ಲ, ದೇಶದ್ದು. ಅದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. ಆ ರೇಖೆ ಉತ್ತರದಲ್ಲಿ ಮಿರ್ಜಾಪುರದ ಬಳಿ, ಈಚೆಗೆ ಆಂಧ್ರದ ಕಾಕಿನಾಡದ ಹತ್ತಿರ ಹಾದುಹೋಗುತ್ತದೆ. ಶಿವಮೊಗ್ಗ ಇರುವುದು 75.6 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಸುಮಾರು 7 ಡಿಗ್ರಿ ಪಶ್ಚಿಮಕ್ಕೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಅಲ್ಲಿಗೆ ಹತ್ತಿರ ಹತ್ತಿರ 28 ನಿಮಿಷ ಆಯಿತು. ಉಳಿದದ್ದು? ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷ 23.5 ಡಿಗ್ರಿ ವಾಲಿದೆ. ಇವೆರಡರಿಂದ ಸೂರ್ಯ ಗಡಿಯಾರದ ಲೆಕ್ಕಕ್ಕೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ಓಡುತ್ತಾನೆ. ನವೆಂಬರ್ ಮೊದಲ ವಾರ 16 ನಿಮಿಷ ಮುಂದೆ, ಫೆಬ್ರವರಿ ಎರಡನೆಯ ವಾರ 14 ನಿಮಿಷ ಹಿಂದೆ. 28ಕ್ಕೆ 14 ಸೇರಿಸಿ: 12 ಗಂಟೆ 42 ನಿಮಿಷ. ಆರನೆಯ ತರಗತಿಯ ಮಕ್ಕಳು ಒಂದು ಕೋಲು, ಒಂದು ಸೀಮೆಸುಣ್ಣ ಹಿಡಿದು ಎರಡು ನಿಮಿಷದ ವ್ಯತ್ಯಾಸದಲ್ಲಿ ಅಳೆದಿದ್ದರು. ನಮ್ಮ ಜಿಲ್ಲೆಯಲ್ಲಿ ವರ್ಷದ ಯಾವ ದಿನವೂ ಸರಿಯಾಗಿ 12 ಗಂಟೆಗೆ ನೆರಳು ಅತಿ ಚಿಕ್ಕದಾಗುವುದೇ ಇಲ್ಲ.

ನಾಚಿಕೆಯ ವಿಷಯ ಏನೆಂದರೆ, ಇದೆಲ್ಲ ನಾನು ಓದಿದ ಪಾಠ. ಸಿವಿಲ್ ಎಂಜಿನಿಯರಿಂಗ್‌ನ ಸರ್ವೇಕ್ಷಣೆಯಲ್ಲಿ ಸೂರ್ಯನನ್ನು ನೋಡಿ ದಿಕ್ಕು ಕಟ್ಟುವುದನ್ನು ಕಲಿಸುತ್ತಾರೆ. ಅದರಲ್ಲಿ ಒಳ್ಳೆಯ ಅಂಕವೇ ಬಂದಿತ್ತು.

ಮುಂದಿನ ವಾರ ಆ ಶಾಲೆ ಹುಡುಕಿಕೊಂಡು ಹೋದೆ. ಕ್ಷಮೆ ಕೇಳಿದೆ. ಅವರಿಗೆ ನನಗಿಂತ ಹೆಚ್ಚು ಮುಜುಗರವಾಯಿತು. ‘ಇರಲಿ ಬಿಡಿ ಸರ್’ ಎಂದು ಮಕ್ಕಳ ನೋಟ್‌ಬುಕ್ ತಂದು ತೋರಿಸಿದರು. 12-40 ಎಂಬುದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ 12-00 ಎಂದು ಬರೆಸಿದ್ದರು. ಒಂದಲ್ಲ, ಮೂವತ್ತೊಂದು ನೋಟ್‌ಬುಕ್ಕುಗಳಲ್ಲಿ. ‘ನೀವೇ ಹಾಗಂದ ಮೇಲೆ ನಮ್ಮದೇ ತಪ್ಪು ಅಂದುಕೊಂಡೆ. ಹೇಗೂ ಪರೀಕ್ಷೆಗೆ ಹನ್ನೆರಡು ಅಂತಲೇ ಬರೆಯಬೇಕಲ್ಲ.’

ಬಂಧುಗಳೇ, ನನ್ನ ಸೇವಾವಧಿಯಲ್ಲಿ ನಾಲೆ ಒಡೆದದ್ದನ್ನು ನೋಡಿದ್ದೇನೆ, ಗದ್ದೆಗೆ ನೀರು ನುಗ್ಗಿ ರೈತರಿಂದ ಬೈಸಿಕೊಂಡಿದ್ದೇನೆ. ಆ ಕೆಂಪು ಗೆರೆಗಳನ್ನು ನೋಡಿದಾಗ ಆದಷ್ಟು ಸಂಕಟ ಆಗ ಆಗಿರಲಿಲ್ಲ. ಮಕ್ಕಳು ಕಣ್ಣಾರೆ ಕಂಡದ್ದನ್ನು ದೊಡ್ಡವರ ಮಾತಿಗೆ ಹೆದರಿ ಅಳಿಸಿಹಾಕಿದ್ದರು. ಅಳಿಸಿದ್ದು ಅವರ ಕೈ, ಅಳಿಸಿಸಿದವನು ನಾನು.

ಆ ತಾಯಿ ಹತ್ತೊಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ಅಷ್ಟು ವರ್ಷದಲ್ಲಿ ವಿಜ್ಞಾನ ವಿಷಯದ ಒಂದು ಒಳ್ಳೆಯ ತರಬೇತಿಗೂ ಅವರು ಹೋಗಿಲ್ಲ. ನನ್ನ ಆ ಒಂದೂವರೆ ಗಂಟೆಯ ಭಾಷಣವೇ ಮೊದಲನೆಯದಂತೆ! ಯಾಕೆ ಎಂದು ಕೇಳಿದೆ. ಅನುದಾನರಹಿತ ಶಾಲೆ, ರಜೆ ಹಾಕಿದರೆ ಸಂಬಳ ಕಡಿತ, ಬದಲಿಗೆ ಯಾರೂ ಇಲ್ಲ. ಉತ್ತರ ಇಷ್ಟೇ.

ಅವಕಾಶಗಳೇ ಇಲ್ಲವೇ? ಇವೆ. ನಾನು ವಿಚಾರಿಸುತ್ತಾ ಹೋದ ಹಾಗೆ ನನಗೇ ಆಶ್ಚರ್ಯವಾಯಿತು. ಸರ್ಕಾರಿ ಶಾಲೆಯವರಿಗೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇದೆ, ಜಿಲ್ಲೆಗೊಂದು ಡಯಟ್ ಇದೆ. ಮೈಸೂರಿನಲ್ಲಿ 1963ರಿಂದ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲ ವಿಜ್ಞಾನ’ವನ್ನು ಕನ್ನಡದಲ್ಲೇ ಕೊಡುತ್ತಾ ಬಂದಿದೆ. ಅದರ ಹಳೆಯ ಸಂಚಿಕೆಗಳನ್ನು ಒಂದು ಶಾಲೆಯ ಅಟ್ಟದ ಮೇಲೆ ಕಟ್ಟು ಬಿಚ್ಚದೆ ಇಟ್ಟಿದ್ದನ್ನು ಕಂಡಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಆಗಬೇಕು ಎನ್ನುತ್ತದೆ. ಆ 50 ಗಂಟೆಯನ್ನು ಈಗ ಮೊಬೈಲಿನಲ್ಲೇ ಮುಗಿಸಬಹುದು. ನಮ್ಮ ಬಂಧುವೊಬ್ಬರು ವಿಡಿಯೊ ಓಡಲು ಬಿಟ್ಟು ಅಡುಗೆಮನೆಯಲ್ಲಿ ಅನ್ನಕ್ಕಿಡುವುದನ್ನು ನೋಡಿದೆ. ಪ್ರಮಾಣಪತ್ರ ಬಂತು, ಅನ್ನವೂ ಆಯಿತು. ಅವರನ್ನು ದೂರುವುದಿಲ್ಲ, ಬೆಳಿಗ್ಗೆಯಿಂದ ಆರು ಪಿರಿಯಡ್ ನಿಂತು ಬಂದವರು.

ನನಗೆ ಹೆಚ್ಚು ಹಿಡಿಸಿದ್ದು ನಮಗೆ ಹತ್ತಿರದ ಇನ್ನೊಂದು ಜಿಲ್ಲೆಯದು. ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1500 ಎಕರೆಯ ಎರಡನೆಯ ಆವರಣ ಇದೆ. ಅಲ್ಲಿ 2011ರಿಂದ ಪ್ರತಿಭಾ ವಿಕಾಸ ಕೇಂದ್ರ ಎಂಬುದು ನಡೆಯುತ್ತಿದೆ. ಹೈಸ್ಕೂಲು, ಪಿಯು ಶಿಕ್ಷಕರು ಅಲ್ಲಿಗೆ ಹೋಗಿ, ಉಳಿದು, ಪ್ರಯೋಗಗಳನ್ನು ತಮ್ಮ ಕೈಯಿಂದಲೇ ಮಾಡಿ ಬರುತ್ತಾರೆ. (ಆ ಕಾವಲು ಭೂಮಿ ಕೈತಪ್ಪಿದ ನೋವು ಸುತ್ತಲಿನ ದನಗಾಹಿ ಹಳ್ಳಿಗಳಿಗಿದೆ. ಅದನ್ನೂ ಮರೆಯಬಾರದು, ಆದರೆ ಅದು ಇನ್ನೊಂದು ದಿನದ ಮಾತು.) ಅಲ್ಲಿಗೆ ಹೋಗಿ ಬಂದ ಮೇಷ್ಟ್ರೊಬ್ಬರು ನನಗೆ ಹೇಳಿದ್ದು: ‘ಬಿ.ಎಸ್ಸಿ. ಮುಗಿದ ಮೇಲೆ ಮೊದಲ ಸಲ ನನ್ನ ಕೈಯಲ್ಲಿ ಬ್ಯೂರೆಟ್ ಹಿಡಿದೆ ಸರ್. ಮೊದಲ ದಿನ ಕೈ ನಡುಗಿತು. ಪಕ್ಕದವರ ಕೈಯೂ ನಡುಗುತ್ತಿತ್ತು, ಆಮೇಲೆ ಧೈರ್ಯ ಬಂತು.’

ಪಕ್ಕದವರ ಕೈಯೂ ನಡುಗುತ್ತಿರಬೇಕು. ಯಾವ ಭಾಷಣವೂ, ಯಾವ ವಿಡಿಯೊವೂ ಇದನ್ನು ಕೊಡುವುದಿಲ್ಲ. ತನಗೆ ಗೊತ್ತಿಲ್ಲ ಎಂಬುದನ್ನು ತನ್ನ ಹಾಗೆಯೇ ಕಲಿಸುವ ನಾಲ್ಕು ಜನರ ಮುಂದೆ ಹೆದರದೆ ಹೇಳುವ ಜಾಗ ಶಿಕ್ಷಕರಿಗೆ ಬೇಕು. ನಾನು ಅಂದು ಅಂಥ ಜಾಗವೊಂದನ್ನು ಒಂದು ಕುಚೋದ್ಯದಿಂದ ಕೆಡಿಸಿದ್ದೆ.

ಇದು ಹೊಸ ಮಾತೇನಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಕೆಲಸ ಶುರುವಾಯಿತು. ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯಬೇಕು, ಪರೀಕ್ಷೆಯಲ್ಲೂ ಪುಸ್ತಕ ತೆರೆದಿಡಬಹುದು. ದೊಡ್ಡ ಸಂಸ್ಥೆಗಳ ವಿಜ್ಞಾನಿಗಳು ಹಳ್ಳಿ ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕೂತು ಪಾಠ ಬರೆದರು. ತರಬೇತಿ ಒಂದು ಸಲಕ್ಕೆ ಮುಗಿಯುತ್ತಿರಲಿಲ್ಲ. ತಿಂಗಳು ತಿಂಗಳು ಶಿಕ್ಷಕರು ಸೇರಿ, ಯಾವ ಪ್ರಯೋಗ ಕೈಕೊಟ್ಟಿತು ಎಂದು ಮಾತಾಡುತ್ತಿದ್ದರು. ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲು ‘ಸವಾಲಿರಾಮ್’ ಎಂಬ ಕಲ್ಪನೆಯ ವ್ಯಕ್ತಿಯ ಹೆಸರಿಗೆ ಪತ್ರ ಬರೆಸುತ್ತಿದ್ದರು. 30 ವರ್ಷ ನಡೆದು, 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

ನಮ್ಮಲ್ಲೂ ಉಂಟು. ಇವತ್ತು ಮನೆಮಾತಾಗಿರುವ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ್ದು ಸರ್ಕಾರಿ ಶಾಲೆಯ ಶಿಕ್ಷಕರಿಂದಲೇ. ಅವರು ರಿಷಿ ವ್ಯಾಲಿಗೆ ಹೋಗಿ, ನೋಡಿ, ಬಂದು ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ತಾವೇ ಬರೆದರು. ಹೋಗಿ ನೋಡಲು ಯಾರೋ ಅವರಿಗೆ ರಜೆ ಕೊಟ್ಟಿರಬೇಕು, ಬಸ್ ಚಾರ್ಜು ಕೊಟ್ಟಿರಬೇಕು. ಇತಿಹಾಸದಲ್ಲಿ ಆ ಬಸ್ ಚಾರ್ಜಿನ ಪ್ರಸ್ತಾಪ ಬರುವುದಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಈ ನಾಡಿನಲ್ಲಿ ಮಠಗಳು, ನಮ್ಮ ಸಮಾಜದ ಸಂಸ್ಥೆಗಳು ಕಟ್ಟಿದ ಶಾಲೆಗಳೆಷ್ಟು! ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಕಟ್ಟಿದ ಸಪ್ತರ್ಷಿಗಳು ಶಿಕ್ಷಕರಾಗಿದ್ದರು, ಸಾಹುಕಾರರಲ್ಲ. ಅನ್ನದಾಸೋಹದಲ್ಲಿ ನಾವು ಹಿಂದೆ ಬಿದ್ದಿಲ್ಲ, ಕಟ್ಟಡ ಕಟ್ಟುವುದರಲ್ಲೂ ಬಿದ್ದಿಲ್ಲ. ಆದರೆ ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ ಚಳ್ಳಕೆರೆಗೋ ಮೈಸೂರಿಗೋ ಹೋಗುತ್ತೇನೆಂದರೆ ನಮ್ಮ ಆಡಳಿತ ಮಂಡಳಿಯ ಮೊದಲ ಪ್ರಶ್ನೆ, ‘ಸಿಲಬಸ್ ಯಾರು ಮುಗಿಸುತ್ತಾರೆ?’ ನಾನೂ ಒಂದು ಮಂಡಳಿಯಲ್ಲಿ ಕೂತು ಈ ಪ್ರಶ್ನೆ ಕೇಳಿದವನೇ. ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯನವರೂ ನುಲಿಯ ಚಂದಯ್ಯನವರೂ ಮಾತಾಡಿದ್ದು ತಮ್ಮ ಕಾಯಕದ ಅನುಭವದಿಂದ ಎಂದು ವೇದಿಕೆಯಲ್ಲಿ ಹೇಳುತ್ತೇವೆ. ಕೋಲು ನೆಟ್ಟು ಅಳೆದವರು ಎದ್ದು ನಿಂತಾಗ ನಗುತ್ತೇವೆ.

ಕೇಳುತ್ತಿರುವುದು ದೊಡ್ಡದಲ್ಲ. ವರ್ಷಕ್ಕೆ ಒಂದು ವಾರ ನಮ್ಮ ಸಂಸ್ಥೆಗಳ ಪ್ರತಿ ವಿಜ್ಞಾನ ಶಿಕ್ಷಕರಿಗೆ ಸಂಬಳಸಹಿತ ರಜೆ, ಹೋಗಿಬರುವ ಖರ್ಚು, ಆ ವಾರಕ್ಕೆ ಒಬ್ಬ ಬದಲಿ ಶಿಕ್ಷಕ. ಬದಲಿಗೆ ಜನ ಇಲ್ಲ ಎನ್ನಬೇಡಿ. ವಿನೋಬನಗರದಲ್ಲಿ ಪೊಲೀಸ್ ಚೌಕಿಯಿಂದ ಇಲ್ಲಿಗೆ ನಡೆದು ಬರುವಷ್ಟರಲ್ಲಿ ನಿವೃತ್ತರಾದ ಹತ್ತು ಮಂದಿ ಎಂಜಿನಿಯರು, ಲೆಕ್ಚರರು ಸಿಗುತ್ತಾರೆ, ಬೆಳಗಿನ ವಾಕಿಂಗ್ ಬಿಟ್ಟರೆ ಬೇರೆ ಕೆಲಸವಿಲ್ಲ. ನಾನು ಒಬ್ಬ.

ಒಂದು ಸಣ್ಣ ಕೆಲಸ ಆಗಲೇ ಶುರುವಾಗಿದೆ. ಎರಡು ವರ್ಷದಿಂದ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಏಳೆಂಟು ಶಿಕ್ಷಕರು ಸೇರುತ್ತಾರೆ. ಮಂಡಕ್ಕಿ, ಚಹಾ. ಭಾಷಣ ನಿಷೇಧ, ಆ ನಿಯಮ ಮಾಡಿದ್ದು ಆ ಶಿಕ್ಷಕಿಯೇ. ಒಂದು ಸಲ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಬೆವರು ಸುರಿಸಿ ನಿವೃತ್ತರಾದ ಒಬ್ಬರನ್ನು ಕರೆದಿದ್ದೆವು. ಕೆಮ್ಮಣ್ಣುಗುಂಡಿಯ ಅದಿರು ತಂದು, ಕಾಡಿನ ಇದ್ದಿಲು ಸುರಿದು 1923ರಲ್ಲಿ ಅಲ್ಲಿ ಕಬ್ಬಿಣ ಇಳಿಸಲು ಶುರುಮಾಡಿದ ಕಥೆ ಹೇಳಿದರು. ಇದ್ದಿಲು ಬರೀ ಬೆಂಕಿಗಲ್ಲ, ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಳ್ಳುವುದೂ ಅದೇ ಎಂದು ಅವರು ಕೈ ಮಾಡಿ ತೋರಿಸಿದಾಗ ಒಬ್ಬ ಮೇಷ್ಟ್ರು, ‘ಹದಿನಾಲ್ಕು ವರ್ಷ ಅಪಕರ್ಷಣ ಎಂಬ ಪದ ಬೋರ್ಡಿನ ಮೇಲೆ ಬರೆದೆ, ಕಾರ್ಖಾನೆ ಕಾಂಪೌಂಡಿನ ಪಕ್ಕದಲ್ಲೇ ನಿಂತು’ ಎಂದು ತಲೆ ಮೇಲೆ ಕೈ ಹೊತ್ತರು. ಕಾರ್ಖಾನೆಯ ಈಗಿನ ಸ್ಥಿತಿ ನಿಮಗೆ ಗೊತ್ತು, ಅದನ್ನು ಎತ್ತಿದರೆ ಹೊತ್ತು ಸಾಲದು.

ಕೊನೆಯದಾಗಿ ಆ ಶಿಕ್ಷಕಿಯ ಇನ್ನೊಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ನಮ್ಮ ಊರಿನಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ನೆಟ್ಟಗಿರುವ ಕಂಬಕ್ಕೆ ನೆರಳೇ ಇರುವುದಿಲ್ಲ. ಒಂದು ಏಪ್ರಿಲ್ ಕೊನೆಯ ವಾರ. ಇನ್ನೊಂದು ಹೆಚ್ಚುಕಡಿಮೆ ಆಗಸ್ಟ್ 15ರಂದು, 12 ಗಂಟೆ 32 ನಿಮಿಷದ ಸುಮಾರಿಗೆ. ಇದನ್ನು ಲೆಕ್ಕ ಹಾಕಿ ಕಂಡುಹಿಡಿದದ್ದು ಅವರು, ನಾನಲ್ಲ. ಸ್ವಾತಂತ್ರ್ಯ ದಿನ ಧ್ವಜಸ್ತಂಭದ ನೆರಳು ಅದರ ಬುಡದಲ್ಲೇ ಅಡಗುತ್ತದೆ! ಹೋದ ಆಗಸ್ಟಿನಲ್ಲಿ ಲಾಡು ತಿಂದಾದ ಮೇಲೂ ಮಕ್ಕಳು ಮನೆಗೆ ಹೋಗದೆ ಸ್ತಂಭದ ಸುತ್ತ ಕೂತರು. ಮಲೆನಾಡಿನ ಮಳೆಗಾಲ, ಒಂದು ಗಂಟೆಯವರೆಗೂ ಸೂರ್ಯ ಮುಖ ತೋರಿಸಲಿಲ್ಲ. ‘ಮೋಡ. ಅಳತೆ ಆಗಲಿಲ್ಲ’ ಎಂದು ನೋಟ್‌ಬುಕ್ಕಿನಲ್ಲಿ ಬರೆಸಿದರು. ಹಿಂದಿನ ಪುಟದಲ್ಲಿ 12-40 ಎಂಬುದನ್ನು ಮಕ್ಕಳು ಮತ್ತೆ ಬರೆದುಕೊಂಡಿದ್ದರು.

ಈಗ ಏಪ್ರಿಲ್ ಬರುತ್ತಿದೆ. ಶಾಲೆಗೆ ಬೇಸಿಗೆ ರಜೆ, ಗೇಟಿಗೆ ಬೀಗ. ಮಕ್ಕಳು ಬಂದೇ ಬರುತ್ತೇವೆ ಎಂದಿದ್ದಾರೆ. ಬೀಗದ ಕೈ ಕೊಡಬೇಕಾದ ಆಡಳಿತ ಮಂಡಳಿಯ ಇಬ್ಬರು ಸದಸ್ಯರು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ, ಸಭೆ ಮುಗಿದ ಮೇಲೆ ಅವರನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಲು ಪೂಜ್ಯರು ನನಗೆ ಅನುಮತಿ ಕೊಡಬೇಕು.