ಹೊರಗಿಟ್ಟ ಮಾತನ್ನು ಒಳಗೆ ಕರೆಯೋಣ
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲಿ ಉಳಿದುಬಿಟ್ಟ ಪ್ರಸಂಗ ನಮಗೆಲ್ಲ ಗೊತ್ತು (ಲೂಕ 2:41-52). ಮಗ ಸಿಕ್ಕಾಗ ಮಾತೆ ಮರಿಯಮ್ಮನವರು ತಮ್ಮ ಸಂಕಟ ಹೇಳಿಕೊಂಡರು, ಕಾರಣ ಕೇಳಿದರು. ಉತ್ತರ ಅರ್ಥವಾಗದಿದ್ದರೂ ಅದನ್ನು ಮನದಲ್ಲಿ ಇಟ್ಟುಕೊಂಡರು. ಆ ವಯಸ್ಸಿನಲ್ಲೇ ನಮ್ಮ ಮಕ್ಕಳ ದೇಹ, ಮನಸ್ಸು ಎರಡೂ ಬದಲಾಗುತ್ತವೆ. ಆಗ ನಾವು ಅವರೊಂದಿಗೆ ಮಾತನಾಡುತ್ತೇವೆಯೇ?

ನಮ್ಮ ಚಳ್ಳಕೆರೆ ಸೀಮೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹೊರಗೆ ಇರಿಸುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಅದನ್ನು ಕೇಳಿ ದೊಡ್ಡಉಳ್ಳಾರ್ತಿಯ ಸುತ್ತ ಬಾಳುವ ನಾವು 'ಅಯ್ಯೋ' ಎನ್ನುತ್ತೇವೆ. ನಮ್ಮ ಮನೆಗಳಲ್ಲಿ ಮಗಳನ್ನು ಹೊರಗಿಡುವುದಿಲ್ಲ, ನಿಜ. ಆದರೆ ಆ ಮಾತನ್ನೇ ಹೊರಗಿಟ್ಟಿದ್ದೇವೆ. ಮೊದಲ ಸಲ ರಕ್ತ ಕಂಡ ಮಗಳು ಕಾಯಿಲೆಯೆಂದು ಹೆದರುತ್ತಾಳೆ. ನಿದ್ರೆಯಲ್ಲಿ ವೀರ್ಯ ಹೋದರೆ ಮಗ ಪಾಪವೆಂದು ಕೊರಗುತ್ತಾನೆ. ಎರಡೂ ಕಾಯಿಲೆಯಲ್ಲ, ಪಾಪವೂ ಅಲ್ಲ. ಇದನ್ನು ಹೇಳಬೇಕಾದವರು ನಾವು ಸುಮ್ಮನಿದ್ದರೆ ಮೊಬೈಲು ಹೇಳುತ್ತದೆ, ತನಗೆ ತೋಚಿದಂತೆ.

ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸು ಮುಟ್ಟಿದಾಗ ಯೇಸುಸ್ವಾಮಿ ಹೇಸಲಿಲ್ಲ. ಎಲ್ಲರೆದುರು ಆಕೆಯನ್ನು ಮಗಳೇ ಎಂದು ಕರೆದರು (ಮಾರ್ಕ 5:25-34). ಮಕ್ಕಳಿಗೆ ವಯಸ್ಸಿಗೆ ತಕ್ಕ ಲೈಂಗಿಕ ಶಿಕ್ಷಣ ಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ತಿಳಿಸಿತು. ಅದು ಹೆತ್ತವರ ಮೂಲ ಹಕ್ಕು, ಕರ್ತವ್ಯ ಎಂದು 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಬರೆದರು. ಪ್ರೀತಿಯನ್ನು, ತನ್ನನ್ನೇ ಕೊಟ್ಟುಕೊಳ್ಳುವುದನ್ನು ಕಲಿಸುವ ಭಾಗವಾಗಿ ಅದು ನಡೆಯಲಿ ಎಂದು 2016ರಲ್ಲಿ ಜಗದ್ಗುರು ಫ್ರಾನ್ಸಿಸರು ನೆನಪಿಸಿದರು.

ಹೇಗೆ ಆರಂಭಿಸುವುದು? ಭಾಷಣ ಬೇಡ. ಶೇಂಗಾ ಬಿಡಿಸುತ್ತಾ, ರೊಟ್ಟಿ ತಟ್ಟುತ್ತಾ, ಹೊಲದ ದಾರಿಯಲ್ಲಿ ನಡೆಯುತ್ತಾ ಸ್ವಲ್ಪ ಸ್ವಲ್ಪವಾಗಿ ಹೇಳೋಣ. ಚಿಕ್ಕವರಿಗೆ ಅಂಗಗಳ ಹೆಸರು ಹೇಳಿಕೊಡೋಣ. ಮುಟ್ಟಿನ ವಿಷಯ ಮುಟ್ಟಾಗುವ ಮೊದಲೇ ತಿಳಿಸೋಣ, ಗಂಡುಮಕ್ಕಳಿಗೂ ತಿಳಿಸೋಣ. ತಂದೆಯಂದಿರೂ ಮಾತಾಡಲಿ. ಗೊತ್ತಿಲ್ಲದ್ದನ್ನು ಆಶಾ ಕಾರ್ಯಕರ್ತೆಯನ್ನು, ದಾದಿಯನ್ನು ಕೇಳೋಣ.

ಇನ್ನೊಂದು ಮಾತು. ಯಾರಾದರೂ ಮೈ ಮುಟ್ಟಿ 'ಗುಟ್ಟಾಗಿಡು' ಎಂದರೆ, ಅವರು ನೆಂಟರಾಗಲಿ, ಮೇಷ್ಟ್ರಾಗಲಿ, ನಮ್ಮಂಥ ಗುರುಗಳೇ ಆಗಲಿ, ಮನೆಗೆ ಬಂದು ಹೇಳಬೇಕೆಂದು ಮಕ್ಕಳಿಗೆ ಕಲಿಸೋಣ. ಹೇಳಿದ ಮಗುವನ್ನು ನಂಬೋಣ, ಬೈಯುವುದು ಬೇಡ. 2012ರ ಪೋಕ್ಸೊ ಕಾಯ್ದೆ 18 ತುಂಬದ ಹೆಣ್ಣು, ಗಂಡು ಮಕ್ಕಳಿಬ್ಬರನ್ನೂ ಕಾಯುತ್ತದೆ. ತಿಳಿದೂ ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098. ಮನೆತನದ ಮರ್ಯಾದೆಗಿಂತ ಮಗು ದೊಡ್ಡದು.

ನಜರೇತಿನ ಮನೆಯಲ್ಲಿ ಬಾಲಯೇಸು ಜ್ಞಾನದಲ್ಲೂ ದೇಹದಲ್ಲೂ ಬೆಳೆದರು. ನಮ್ಮ ಮಕ್ಕಳೂ ಎರಡರಲ್ಲೂ ಭಯವಿಲ್ಲದೆ ಬೆಳೆಯುವ ಮನೆಗಳನ್ನು ಪವಿತ್ರ ಕುಟುಂಬವು ನಮಗೆ ಬೇಡಿ ಕೊಡಲಿ. ಆಮೆನ್.